ಗೋಡೆಯೊಳಗಿನ ಏಡಿಬಿಲ

(ವಿದ್ಯಾರ್ಥಿನಿಲಯದ ನಕ್ಷೆಯ ಚರ್ಚೆಗೆ ಮುನ್ನ ಬಳಗದ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಗದ್ದೆಯ ಅಂಚು ಕೆತ್ತಿ, ಕೆಸರು ಮೆತ್ತಿ, ನೀರು ನಿಲ್ಲಿಸಿ ಮನೆಗೆ ಬಂದ ರೈತ ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಗದ್ದೆ ಬರಿದಾಗಿರುತ್ತದೆ. ಅಂಚು ಎಲ್ಲಿಯೂ ಒಡೆದಿಲ್ಲ. ಅದರ ಎತ್ತರವೂ ಕಡಿಮೆಯಿಲ್ಲ. ಹುಡುಕಿದರೆ ಒಂದು ಮೂಲೆಯಲ್ಲಿ ಹೆಬ್ಬೆರಳು ಗಾತ್ರದ ಏಡಿಯ ಮಾಟೆ ಕಾಣುತ್ತದೆ. ಆ ಮಾಟೆಯನ್ನು ಮುಚ್ಚದೆ ಅಂಚನ್ನು ಇನ್ನೊಂದು ಮೊಳ ಎತ್ತರಿಸಿದರೆ ಪ್ರಯೋಜನವಿಲ್ಲ ಎಂಬುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ: ನಾವು ಕಟ್ಟುವ ಹೊಸ ಕಟ್ಟಡಗಳ ಗೋಡೆಗಳಲ್ಲಿಯೂ ಇಂಥ ಏಡಿಬಿಲಗಳಿವೆ. ಅವುಗಳ ಮೂಲಕ ಹರಿಯುವುದು ನೀರಲ್ಲ, ಶಾಖ. ಗದ್ದೆಯ ಮಾಟೆಯನ್ನು ಯಾವಾಗ ಬೇಕಾದರೂ ಮುಚ್ಚಬಹುದು. ಕಟ್ಟಡದ ಮಾಟೆಯನ್ನು ನಕ್ಷೆ ಕಾಗದದ ಮೇಲಿರುವಾಗಲೇ ಮುಚ್ಚಬೇಕು.

ತಾಂತ್ರಿಕ ಭಾಷೆಯಲ್ಲಿ ಇದಕ್ಕೆ 'ಥರ್ಮಲ್ ಬ್ರಿಜ್' ಎನ್ನುತ್ತಾರೆ. ನಾವು 'ಉಷ್ಣಸೇತುವೆ' ಎನ್ನೋಣ. ಗೋಡೆಯ ಒಳಮುಖದಿಂದ ಹೊರಮುಖದವರೆಗೆ ಶಾಖವನ್ನು ಸುಲಭವಾಗಿ ದಾಟಿಸುವ ವಸ್ತುವೊಂದು ಅಡ್ಡಲಾಗಿ ಹಾದುಹೋಗಿದ್ದರೆ ಅದೇ ಉಷ್ಣಸೇತುವೆ. ಬಾಗಿಲ ಸಂದಿನಿಂದ ಗಾಳಿ ನುಗ್ಗುವುದು ಬೇರೆ ಮಾತು. ಇಲ್ಲಿ ಸಂದೂ ಇಲ್ಲ, ಬಿರುಕೂ ಇಲ್ಲ. ಗಟ್ಟಿಯಾದ ವಸ್ತುವಿನೊಳಗಿಂದಲೇ ಶಾಖ ನಡೆದುಹೋಗುತ್ತದೆ.

ಸೌಟಿನ ಪಾಠ

ಇದನ್ನು ತಿಳಿಯಲು ಅಡುಗೆಮನೆಗೆ ಹೋದರೆ ಸಾಕು. ಕುದಿಯುವ ಸಾರಿನಲ್ಲಿ ಕಬ್ಬಿಣದ ಸೌಟನ್ನು ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಅದರ ಹಿಡಿಯನ್ನು ಮುಟ್ಟಲಾಗುವುದಿಲ್ಲ. ಕರಟಕ್ಕೆ ಮರದ ಹಿಡಿ ಸಿಕ್ಕಿಸಿದ ಸೌಟನ್ನು ಎಷ್ಟು ಹೊತ್ತು ಬಿಟ್ಟರೂ ಕೈ ಸುಡದು. ನಮ್ಮ ಅಜ್ಜಿಯರಿಗೆ 'ಉಷ್ಣವಾಹಕತೆ' ಎಂಬ ಶಬ್ದ ತಿಳಿದಿರಲಿಲ್ಲ. ಆದರೆ ಬಿಸಿ ಮತ್ತು ಕೈಯ ನಡುವೆ ಶಾಖ ದಾಟದಂಥ ವಸ್ತುವೊಂದಿರಬೇಕು ಎಂಬ ತತ್ತ್ವವನ್ನು ಅವರು ದಿನನಿತ್ಯ ಬಳಸುತ್ತಿದ್ದರು.

ವಿದ್ಯಾರ್ಥಿಗಳಿಗಾಗಿ ಕೆಲವು ಅಂಕಿಗಳನ್ನು ಹೇಳುತ್ತೇನೆ. ಒಂದು ಮೀಟರು ದಪ್ಪದ ವಸ್ತುವಿನ ಎರಡು ಮುಖಗಳ ನಡುವೆ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ, ಒಂದು ಚದರ ಮೀಟರಿನ ಮೂಲಕ ಎಷ್ಟು ವಾಟ್ ಶಾಖ ದಾಟುತ್ತದೆ ಎಂಬುದು ಆ ವಸ್ತುವಿನ ಉಷ್ಣವಾಹಕತೆ. ಥರ್ಮೋಕೋಲ್, ಖನಿಜ ಉಣ್ಣೆ ಮೊದಲಾದ ನಿರೋಧಕಗಳಿಗೆ ಈ ಸಂಖ್ಯೆ ಸುಮಾರು 0.035ರಿಂದ 0.04. ಮರಕ್ಕೆ ಸುಮಾರು 0.13. ಸುಟ್ಟ ಇಟ್ಟಿಗೆಗೆ ಸುಮಾರು 0.8. ಕಬ್ಬಿಣ ಹಾಕಿದ ಕಾಂಕ್ರೀಟಿಗೆ ಒಂದೂವರೆಯಿಂದ ಎರಡೂವರೆ. ಸಾಮಾನ್ಯ ಉಕ್ಕಿಗೆ ಸುಮಾರು 50. ಅಲ್ಯುಮಿನಿಯಮ್ಮಿಗೆ 160ರ ಆಸುಪಾಸು. ಥರ್ಮೋಕೋಲಿಗಿಂತ ಸಾವಿರ ಪಟ್ಟು ಹೆಚ್ಚು ಶಾಖವನ್ನು ಉಕ್ಕು ದಾಟಿಸುತ್ತದೆ ಎಂದಾಯಿತು. ಆದುದರಿಂದ ಗೋಡೆಯ ಬಹುಪಾಲು ಎಷ್ಟೇ ಚೆನ್ನಾಗಿದ್ದರೂ, ಅದನ್ನು ತೂರಿಹೋದ ಸಣ್ಣದೊಂದು ಭಾಗ ಎಲ್ಲವನ್ನೂ ಕೆಡಿಸಬಲ್ಲದು.

ಉಷ್ಣಸೇತುವೆಗಳಲ್ಲಿ ಸ್ಥೂಲವಾಗಿ ಮೂರು ಬಗೆ. ಮೊದಲನೆಯದು, ಇಟ್ಟಿಗೆ ಗೋಡೆಯ ನಡುವೆ ಕಾಂಕ್ರೀಟು ಕಂಬ ಅಥವಾ ಬೀಮು ಬಂದಾಗ ಉಂಟಾಗುವುದು. ಎರಡನೆಯದು ಆಕಾರದಿಂದ ಹುಟ್ಟುವುದು. ಮನೆಯ ಮೂಲೆಯಲ್ಲಿ ಒಳಗಿನ ಮೈ ಕಿರಿದು, ಹೊರಗಿನ ಮೈ ಹಿರಿದು. ಅಲ್ಲಿ ಶಾಖ ಕಳೆದುಕೊಳ್ಳುವ ಮೈಯೇ ಹೆಚ್ಚು. ಮೂರನೆಯದು ಮೊಳೆ, ಬೋಲ್ಟು, ಕಬ್ಬಿಣದ ಕೊಂಡಿಗಳಂಥ ಬಿಂದುಗಳದ್ದು. ಆದರೆ ಇವೆಲ್ಲವುಗಳಿಗಿಂತ ದೊಡ್ಡ ಅಪರಾಧಿ ಯಾವುದೆಂದರೆ, ಒಳಗಿನ ತಾರಸಿಯೇ ಗೋಡೆಯನ್ನು ದಾಟಿ ಹೊರಕ್ಕೆ ಚಾಚಿಕೊಂಡು ಬಾಲ್ಕನಿಯೋ ಸಜ್ಜಾವೋ ಆಗುವುದು. ಬಿಸಿ ಮನೆಯೊಳಗೆ ಬುಡವಿಟ್ಟು ಚಳಿಯಲ್ಲಿ ಕೈಚಾಚಿ ನಿಂತ ಕಾಂಕ್ರೀಟು ಹಲಗೆಗೂ, ಸಾರಿನಲ್ಲಿ ಮುಳುಗಿದ ಕಬ್ಬಿಣದ ಸೌಟಿಗೂ ವ್ಯತ್ಯಾಸವಿಲ್ಲ.

ಚಳಿನಾಡಿನ ಲೆಕ್ಕ

ಈ ವಿಷಯ ಮೊದಲು ಗಂಭೀರವಾದದ್ದು ಚಳಿಯ ದೇಶಗಳಲ್ಲಿ. 1973ರ ತೈಲ ಬಿಕ್ಕಟ್ಟಿನ ನಂತರ ಯುರೋಪಿನ ಜನರಿಗೆ ಮನೆ ಕಾಯಿಸುವ ಎಣ್ಣೆಯ ಬೆಲೆ ತಟ್ಟಿತು. ಪಶ್ಚಿಮ ಜರ್ಮನಿ 1977ರಲ್ಲಿ ಕಟ್ಟಡಗಳ ಶಾಖರಕ್ಷಣೆಗೆಂದೇ ಮೊದಲ ಆದೇಶವನ್ನು ಹೊರಡಿಸಿತು. ಗೋಡೆಗಳಿಗೆ ನಿರೋಧಕದ ಹೊದಿಕೆ ಬಂತು, ಕಿಟಕಿಗಳು ಬಿಗಿಯಾದವು. ಗೋಡೆ ಸುಧಾರಿಸಿದಂತೆಲ್ಲ ಸೇತುವೆಗಳ ಪಾಲು ಎದ್ದುಕಾಣತೊಡಗಿತು.

ಒಂದು ಸಣ್ಣ ಲೆಕ್ಕ ಮಾಡೋಣ. ಐದು ಮೀಟರು ಉದ್ದ, 2.7 ಮೀಟರು ಎತ್ತರದ ಗೋಡೆಯನ್ನು ತೆಗೆದುಕೊಳ್ಳಿ. ವಿಸ್ತೀರ್ಣ 13.5 ಚದರ ಮೀಟರು. ಅದಕ್ಕೆ ಒಳ್ಳೆಯ ಹೊದಿಕೆಯಿದ್ದು, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ 0.2 ವಾಟ್ ಮಾತ್ರ ದಾಟುತ್ತದೆ ಎಂದುಕೊಳ್ಳಿ. ಒಳಗೆ 20 ಡಿಗ್ರಿ, ಹೊರಗೆ ಸೊನ್ನೆ ಇದ್ದರೆ ಇಡೀ ಗೋಡೆ ಕಳೆದುಕೊಳ್ಳುವುದು 54 ವಾಟ್. ಈಗ ಅದೇ ಗೋಡೆಯ ಉದ್ದಕ್ಕೂ ಒಳತಾರಸಿಯಿಂದ ಅಖಂಡವಾಗಿ ಹೊರಚಾಚಿದ ಬಾಲ್ಕನಿಯೊಂದನ್ನು ಸೇರಿಸಿ. ಇಂಥ ಸೇತುವೆಯ ನಷ್ಟವನ್ನು ಉದ್ದದ ಲೆಕ್ಕದಲ್ಲಿ ಹೇಳುತ್ತಾರೆ. ಮೀಟರು ಉದ್ದಕ್ಕೆ, ಡಿಗ್ರಿಗೆ 0.8 ವಾಟ್ ಎಂದು ಹಿಡಿಯುವುದು ಅತಿಶಯವೇನಲ್ಲ. ಐದು ಮೀಟರಿಗೆ, ಇಪ್ಪತ್ತು ಡಿಗ್ರಿಗೆ 80 ವಾಟ್ ಆಯಿತು. ಒಂದು ಗೇಣು ದಪ್ಪವೂ ಇಲ್ಲದ ಕಾಂಕ್ರೀಟಿನ ಗೆರೆ ಇಡೀ ಗೋಡೆಗಿಂತ ಹೆಚ್ಚು ಶಾಖವನ್ನು ಹೊರಗೆಸೆಯಿತು! ಗೋಡೆಯ ಹೊದಿಕೆಯನ್ನು ಇಮ್ಮಡಿ ಮಾಡಿದರೂ ಈ 80 ವಾಟ್ ಹೋಗುತ್ತಲೇ ಇರುತ್ತದೆ. ಏಡಿಬಿಲವಿದ್ದಾಗ ಅಂಚನ್ನು ಎತ್ತರಿಸಿದಂತೆ.

ಇದಕ್ಕೆ ಅವರು ಎರಡು ಉಪಾಯಗಳನ್ನು ಕಂಡುಕೊಂಡರು. ತಾರಸಿ ಮತ್ತು ಬಾಲ್ಕನಿಯ ನಡುವೆ ನಿರೋಧಕದ ಪಟ್ಟಿಯನ್ನಿಟ್ಟು, ಭಾರ ಹೊರಲು ಅಗತ್ಯವಾದಷ್ಟೇ ಸರಳುಗಳನ್ನು ಅದರ ಮೂಲಕ ದಾಟಿಸುವುದು ಒಂದು. ಆ ಸರಳುಗಳೂ ತುಕ್ಕುರಹಿತ ಉಕ್ಕಿನವು. ಅದರ ಉಷ್ಣವಾಹಕತೆ ಸುಮಾರು 15, ಸಾಮಾನ್ಯ ಉಕ್ಕಿನ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ಇದರಿಂದ ನಮ್ಮ ಲೆಕ್ಕದ 80 ವಾಟ್ 20ರ ಹತ್ತಿರಕ್ಕೆ ಇಳಿಯಬಹುದು. ಇನ್ನೊಂದು ಉಪಾಯ ಇನ್ನೂ ಸರಳ. ಬಾಲ್ಕನಿಯನ್ನು ಮನೆಗೆ ಅಂಟಿಸುವುದೇ ಬೇಡ. ಅದು ತನ್ನ ಕಂಬಗಳ ಮೇಲೆ ತಾನೇ ನಿಲ್ಲಲಿ, ಮನೆಗೆ ಅಲ್ಲೊಂದು ಇಲ್ಲೊಂದು ಕೊಂಡಿಯಿಂದ ಮಾತ್ರ ತಾಗಿರಲಿ.

ಈ ಚಿಂತನೆಯನ್ನು ಕೊನೆಯವರೆಗೆ ಒಯ್ದವರಲ್ಲಿ ವೋಲ್ಫ್‌ಗಾಂಗ್ ಫೈಸ್ಟ್ ಮುಖ್ಯರು. ಸ್ವೀಡನ್ನಿನ ಬೋ ಆಡಮ್ಸನ್ ಅವರೊಡನೆ 1988ರಲ್ಲಿ ನಡೆಸಿದ ವಿಚಾರ ವಿನಿಮಯದಿಂದ 'ಪ್ಯಾಸಿವ್ ಹೌಸ್' ಎಂಬ ಕಲ್ಪನೆ ರೂಪುಗೊಂಡಿತು. ಜರ್ಮನಿಯ ಡಾರ್ಮ್‌ಸ್ಟಾಟ್ ನಗರದ ಕ್ರಾನಿಷ್‌ಸ್ಟೈನ್ ಬಡಾವಣೆಯಲ್ಲಿ ಒಂದಕ್ಕೊಂದು ಅಂಟಿದ ನಾಲ್ಕು ಮನೆಗಳು ಎದ್ದವು. 1991ರಲ್ಲಿ ಜನ ಅವುಗಳಲ್ಲಿ ವಾಸಿಸತೊಡಗಿದರು. ಇಂಥ ಮನೆಯನ್ನು ಬೆಚ್ಚಗಿಡಲು ವರ್ಷಕ್ಕೆ ಚದರ ಮೀಟರಿಗೆ 15 ಕಿಲೋವಾಟ್-ಗಂಟೆಗಿಂತ ಹೆಚ್ಚು ಶಾಖ ಬೇಕಾಗಬಾರದು ಎಂಬುದು ನಿಯಮ. ಒಣ ಸೌದೆ ಕಿಲೋಗೆ ಸುಮಾರು ನಾಲ್ಕು ಕಿಲೋವಾಟ್-ಗಂಟೆ ಶಾಖ ಕೊಡುತ್ತದೆ. ಒಲೆಯಲ್ಲಿ ಏನೂ ಪೋಲಾಗದು ಎಂದಿಟ್ಟುಕೊಂಡರೆ, ನೂರು ಚದರ ಮೀಟರಿನ ಮನೆಗೆ ಹಿಮ ಬೀಳುವ ದೇಶದಲ್ಲಿ ಇಡೀ ವರ್ಷಕ್ಕೆ ನಾಲ್ಕು ಕ್ವಿಂಟಲಿಗಿಂತ ಕಡಿಮೆ ಸೌದೆ! ಉಷ್ಣಸೇತುವೆಗಳನ್ನು ನಕ್ಷೆಯ ಹಂತದಲ್ಲಿಯೇ ಕಡಿಯದೆ ಹೋಗಿದ್ದರೆ ಈ ಮಿತಿ ಸಾಧ್ಯವಾಗುತ್ತಿರಲಿಲ್ಲ.

ಶಾಖ ಹೋದ ಜಾಗಕ್ಕೆ ಬೂಷ್ಟು ಬರುತ್ತದೆ

ಸೇತುವೆಯಿಂದ ಆಗುವ ಹಾನಿ ಸೌದೆಯ ನಷ್ಟ ಮಾತ್ರವಲ್ಲ. ಶಾಖ ಬೇಗನೆ ಹೊರಹೋಗುವ ಜಾಗದಲ್ಲಿ ಗೋಡೆಯ ಒಳಮೈ ತಣ್ಣಗಾಗುತ್ತದೆ. ತಣ್ಣೀರು ತುಂಬಿದ ತಂಬಿಗೆಯ ಹೊರಮೈ ಬೆವರುವುದನ್ನು ನೋಡಿದ್ದೀರಿ. ಕೋಣೆಯ ಗಾಳಿಯಲ್ಲಿರುವ ಆವಿ ಹಾಗೆಯೇ ತಣ್ಣನೆಯ ಗೋಡೆಯ ಮೇಲೆ ಕೂಡುತ್ತದೆ. ನೀರು ಹನಿಯಾಗಿ ಕಾಣಲೇಬೇಕೆಂದಿಲ್ಲ. ಗೋಡೆಗೆ ತಾಗಿದ ಗಾಳಿಯ ತೇವ ನೂರಕ್ಕೆ ಎಂಬತ್ತನ್ನು ದಾಟಿ ಹಲವು ದಿನ ಹಾಗೆಯೇ ನಿಂತರೆ ಬೂಷ್ಟಿಗೆ ಅಷ್ಟೇ ಸಾಕು. ಒಳಗೆ 20 ಡಿಗ್ರಿ ಶಾಖ, ನೂರಕ್ಕೆ ಐವತ್ತು ತೇವ ಇರುವ ಕೋಣೆಯಲ್ಲಿ ಗೋಡೆಯ ಮೈ 12.6 ಡಿಗ್ರಿಗೆ ಇಳಿದರೆ ಈ ಸ್ಥಿತಿ ಬರುತ್ತದೆ. ಜರ್ಮನಿಯ ಕಟ್ಟಡ ಮಾನಕದಲ್ಲಿ ಇದೇ 12.6 ಡಿಗ್ರಿಯನ್ನು ಕೆಳಮಿತಿಯೆಂದು ಹಿಡಿದಿದ್ದಾರೆ. ಅವರು ಉಷ್ಣಸೇತುವೆಯನ್ನು ಇಂಧನದ ಪ್ರಶ್ನೆಯಾಗಿ ಮಾತ್ರವಲ್ಲದೆ ಆರೋಗ್ಯದ ಪ್ರಶ್ನೆಯಾಗಿಯೂ ಕಂಡಿದ್ದಾರೆ ಎಂಬುದಕ್ಕೆ ಇದು ಸಾಕ್ಷಿ. ಬೂಷ್ಟಿನ ಬೀಜಕಣಗಳು ಉಬ್ಬಸವಿರುವವರಿಗೆ ಎಷ್ಟು ಕೆಟ್ಟದ್ದೆಂದು ಬೇರೆ ಹೇಳಬೇಕಾಗಿಲ್ಲ.

ಲಡಾಖಿನ ಮನೆ

'ಜರ್ಮನಿಯ ಮಾತು ನಮಗೇಕೆ?' ಎಂದು ಕೇಳಬಹುದು. ನಮ್ಮ ದೇಶದಲ್ಲಿಯೇ ಲಡಾಖಿದೆ. ಲೇಹ್ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 3,500 ಮೀಟರು ಎತ್ತರದಲ್ಲಿದೆ. ಚಳಿಗಾಲದ ರಾತ್ರಿ ಸೊನ್ನೆಗಿಂತ ಹದಿನೈದು ಇಪ್ಪತ್ತು ಡಿಗ್ರಿ ಕೆಳಗಿಳಿಯುವುದು ಅಲ್ಲಿ ಸಾಮಾನ್ಯ. ಕಾಡಿಲ್ಲ. ಸೌದೆಯೆಂದರೆ ನೆಟ್ಟು ಬೆಳೆಸಿದ ವಿಲ್ಲೋ, ಪಾಪ್ಲರ್ ಮರಗಳು; ಉಳಿದದ್ದು ಒಣ ಸಗಣಿ, ಇಲ್ಲವೇ ಕಣಿವೆಗಳನ್ನು ದಾಟಿ ಲಾರಿಯಲ್ಲಿ ಬರುವ ಎಣ್ಣೆ, ಅನಿಲ. ಅಂಥ ಊರಿನಲ್ಲಿ ಗೋಡೆಯಿಂದ ಸೋರುವ ಶಾಖವೆಂದರೆ ತಾಯಂದಿರ ಬೆನ್ನಿನ ಮೇಲಿನ ಹೊರೆ.

ಅಲ್ಲಿನ ಹಳೆಯ ಮನೆಗಳು ದಪ್ಪ ಮಣ್ಣಿನ ಗೋಡೆಯವು. ಮಾಡಿಗೆ ಪಾಪ್ಲರ್ ತೊಲೆ, ಮೇಲೆ ವಿಲ್ಲೋ ಕಡ್ಡಿ, ಹುಲ್ಲು, ಮಣ್ಣು. 1988ರಲ್ಲಿ ಸೋನಮ್ ವಾಂಗ್‌ಚುಕ್ ಮತ್ತು ಗೆಳೆಯರು ಸ್ಥಾಪಿಸಿದ ಸೆಕ್ಮೋಲ್ ಸಂಸ್ಥೆ ಫೇ ಗ್ರಾಮದ ಬಳಿಯ ತನ್ನ ಆವರಣದಲ್ಲಿ ಈ ಮಣ್ಣನ್ನೇ ಬಡಿದು ಗೋಡೆ ಕಟ್ಟಿತು. ದಕ್ಷಿಣಕ್ಕೆ ಗಾಜಿನ ಮುಖವಿಟ್ಟು ಬಿಸಿಲನ್ನು ಒಳಗೆ ಕರೆಯಿತು. ಉಳಿದ ಕಡೆ ಶಾಖ ತಡೆಯುವ ಹೊದಿಕೆಯಿತ್ತಿತು. ಹೊರಗೆ ನೀರು ಕಲ್ಲಾಗುವ ದಿನಗಳಲ್ಲಿ ಅಲ್ಲಿನ ವಿದ್ಯಾರ್ಥಿಗಳು ಬಿಸಿಲಿನ ಶಾಖವನ್ನೇ ನೆಚ್ಚಿ ಓದಿದರು. 2016ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಆ ಕಟ್ಟಡಕ್ಕೆ ಮಣ್ಣಿನ ವಾಸ್ತುಶಿಲ್ಪಕ್ಕೆ ಮೀಸಲಾದ ಟೆರ್ರಾ ಪ್ರಶಸ್ತಿ ದೊರೆಯಿತು.

ಲಡಾಖಿನಲ್ಲಿ ಬಿಸಿಲಮನೆ ಕಟ್ಟುವವರು ಬಳಸುವ ಇನ್ನೊಂದು ಕ್ರಮ ಜೋಡಿಗೋಡೆಯದು. ಒಳಗೊಂದು, ಹೊರಗೊಂದು ಗೋಡೆ; ನಡುವೆ ಒಣಹುಲ್ಲು ಅಥವಾ ಮರದ ಹೊಟ್ಟು. ಈ ಎರಡು ಗೋಡೆಗಳನ್ನು ಹಿಡಿದಿಡುವ ಅಡ್ಡಕಟ್ಟು ಕಲ್ಲಿನದಾದರೆ ಅಲ್ಲೊಂದು ಸೇತುವೆ ಹುಟ್ಟಿತು. ಅದೇ ಕಟ್ಟು ಮರದ್ದಾದರೆ ನಷ್ಟ ಎಷ್ಟೋ ಕಡಿಮೆ. ಇನ್ನು ಭೂಕಂಪದ ಭಯವಿರುವ ಆ ನಾಡಿನಲ್ಲಿ ಗೋಡೆಯ ಸುತ್ತ ಕಾಂಕ್ರೀಟು ಪಟ್ಟಿ ಹಾಕುವುದು ಅಗತ್ಯ. ಶಾಖದ ನೆಪ ಹೇಳಿ ಅದನ್ನು ಬಿಡುವುದು ಪ್ರಾಣದೊಡನೆ ಆಡಿದಂತೆ. ಪಟ್ಟಿಯನ್ನು ಹಾಕಬೇಕು, ಆದರೆ ಅದನ್ನು ಹೊರಗಿನ ಗಾಳಿಗೆ ಬತ್ತಲೆ ಬಿಡದೆ ಹೊರಮೈಗೆ ನಿರೋಧಕವನ್ನು ಹೊದಿಸಬೇಕು. ಕಟ್ಟಡದ ಬಲಕ್ಕೂ ಶಾಖರಕ್ಷಣೆಗೂ ಜಗಳವಿಲ್ಲ. ಇಬ್ಬರಿಗೂ ಜಾಗ ಕೊಡುವಂತೆ ನಕ್ಷೆ ಬರೆಯಬೇಕಷ್ಟೆ.

ನಮ್ಮ ಮಲೆನಾಡಿನಲ್ಲಿ

ಈಗ ನಮ್ಮ ಮಾತಿಗೆ ಬರೋಣ. ನಾವು ಮನೆ ಕಾಯಿಸುವವರಲ್ಲ. ಮಾಗಿಯ ಬೆಳಗಿನ ಚಳಿಗೆ ಬಚ್ಚಲೊಲೆಯ ಮುಂದೆ ಕುಳಿತರೆ ಸಾಕು. ಆದ್ದರಿಂದ ಜರ್ಮನಿಯ ಇಲ್ಲವೇ ಲಡಾಖಿನ ಲೆಕ್ಕವನ್ನು ಹಾಗೆಯೇ ತಂದು ಇಲ್ಲಿ ಹಚ್ಚಿದರೆ ಅದು ಅಪ್ರಾಮಾಣಿಕತೆಯಾದೀತು. ಆದರೆ ಸೇತುವೆಯ ಮೇಲೆ ಸಂಚಾರ ಎರಡೂ ಕಡೆಗಿದೆ. ಚೈತ್ರ ವೈಶಾಖಗಳಲ್ಲಿ ಬಿಸಿಲಿಗೆ ಕಾದ ಸಜ್ಜಾ, ತಾರಸಿಯ ಅಂಚು, ಪ್ಯಾರಾಪೆಟ್ಟುಗಳು ಅದೇ ದಾರಿಯಲ್ಲಿ ಶಾಖವನ್ನು ಮನೆಯೊಳಕ್ಕೆ ತರುತ್ತವೆ. ಮಳೆಗಾಲದಲ್ಲಿ ಅವೇ ತಂಪನ್ನು ತರುತ್ತವೆ.

ಮಳೆಗಾಲದ ಮಾತನ್ನು ನನ್ನ ಮನೆಯ ಅನುಭವದಿಂದ ಹೇಳುತ್ತೇನೆ. ಹೆಂಚಿನ ಮನೆಯನ್ನು ಇಳಿಸಿ ನಾವು ತಾರಸಿ ಮನೆ ಕಟ್ಟಿಸಿದೆವು. ಎರಡನೆಯ ಮಳೆಗಾಲದಲ್ಲಿ, ಅಮ್ಮ ಮಲಗುವ ಕೋಣೆಯ ಕಿಟಕಿಯ ಮೇಲೆ, ಲಿಂಟಲಿನ ಉದ್ದಕ್ಕೂ ಅಳತೆಗೋಲಿಟ್ಟು ಎಳೆದಂತೆ ಕಪ್ಪು ಪಟ್ಟಿಯೊಂದು ಮೂಡಿತು. ಕಂಬವಿದ್ದ ಮೂಲೆಯಲ್ಲಿ ಅದು ಕೆಳಗಿಳಿದಿತ್ತು. ಕಟ್ಟಿಸಿದವರು ಸೋರಿಕೆಯೆಂದರು, ನಾನೂ ಒಪ್ಪಿದೆ. ಎರಡು ಬಾರಿ ಹೊರಗೆ ನೀರುನಿರೋಧಕ ಬಣ್ಣ ಬಳಿಸಿದೆವು. ಪಟ್ಟಿ ಮಾತ್ರ ಆಷಾಢ ಬರುತ್ತಲೇ ಮರಳಿ ಬಂತು. ಅಮ್ಮನ ಕೆಮ್ಮೂ ಅದರೊಡನೆ ಬಂತು. ಕೆಮ್ಮಿಗೆ ಪಟ್ಟಿಯೊಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ಹಾಸಿಗೆಯನ್ನು ಬೇರೆ ಕೋಣೆಗೆ ಬದಲಾಯಿಸಿದ ಮೇಲೆ ಅವರ ನಿದ್ದೆ ಸುಧಾರಿಸಿತು.

ಕೊನೆಗೆ ಒಂದು ಬೆಳಿಗ್ಗೆ ಎರಡು ಸಾಧಾರಣ ಥರ್ಮಾಮೀಟರುಗಳನ್ನು ತಂದು, ಒಂದರ ಬುಡವನ್ನು ಲಿಂಟಲಿಗೂ ಇನ್ನೊಂದರದನ್ನು ಪಕ್ಕದ ಜಂಬಿಟ್ಟಿಗೆ ಗೋಡೆಗೂ ತಾಗಿಸಿ, ಹತ್ತಿಯಿಟ್ಟು ಅಂಟಿಸಿದೆ. ಲಿಂಟಲು ಒಂದೂವರೆ ಡಿಗ್ರಿ ತಣ್ಣಗಿತ್ತು. ಹೊರಗೆ ಹೋಗಿ ನೋಡಿದರೆ ಕಾರಣ ಕಣ್ಣೆದುರಿಗೇ ಇತ್ತು. ಲಿಂಟಲೇ ಹೊರಕ್ಕೆ ಚಾಚಿ ಸಜ್ಜಾ ಆಗಿದೆ. ಸಜ್ಜಾ ಹಗಲಿರುಳು ಮಳೆಯಲ್ಲಿ ನೆನೆದು, ಗಾಳಿಗೆ ಆರುತ್ತ, ಒದ್ದೆ ಬಟ್ಟೆ ಸುತ್ತಿದ ಹೂಜಿಯಂತೆ ತಂಪಾಗುತ್ತಿದೆ. ಆ ತಂಪು ಕಾಂಕ್ರೀಟಿನೊಳಗಿಂದಲೇ ಕೋಣೆಗೆ ನಡೆದುಬಂದಿದೆ. ಒಂದೂವರೆ ಡಿಗ್ರಿಯೆಂದರೆ ಅಲ್ಪವೆನಿಸಬಹುದು. ಆದರೆ ನಮ್ಮ ಮಳೆಗಾಲದ ಗಾಳಿಯೇ ತೇವದಿಂದ ತುಂಬಿತುಳುಕುತ್ತಿರುತ್ತದೆ. ಅದರ ಮೇಲೆ ಬಚ್ಚಲಿನ ಆವಿ, ಒಲೆಯ ಆವಿ, ಒಳಗೆ ಹರವಿದ ಬಟ್ಟೆ. ಬೂಷ್ಟಿನ ಅಂಚಿನಲ್ಲಿಯೇ ನಿಂತಿರುವ ಮನೆಯನ್ನು ಅತ್ತ ತಳ್ಳಲು ಅಷ್ಟು ತಂಪೇ ಸಾಕಾಯಿತು.

ಸೋರಿಕೆಯನ್ನೂ ಇದನ್ನೂ ಬೇರ್ಪಡಿಸುವುದು ಕಷ್ಟವಲ್ಲ. ಸೋರಿದ ಕಲೆ ಹಳದಿ ಅಂಚಿನದು, ಅಡ್ಡಾದಿಡ್ಡಿಯಾಗಿ ಕೆಳಗಿಳಿಯುತ್ತದೆ, ಜೋರು ಮಳೆಯ ನಂತರ ಹಿಗ್ಗುತ್ತದೆ. ಉಷ್ಣಸೇತುವೆಯ ಕಲೆ ಬೀಮು, ಕಂಬಗಳ ಗೆರೆಯನ್ನೇ ಹಿಡಿದು ನೆಟ್ಟಗೆ ಸಾಗುತ್ತದೆ. ಬೀರುವಿನ ಹಿಂದೆ, ಗಾಳಿಯಾಡದ ಮೂಲೆಯಲ್ಲಿ ಅದು ದಟ್ಟವಾಗುತ್ತದೆ. ಮಳೆ ತಾಗದ ಗೋಡೆಯಲ್ಲಿಯೂ ಬರುತ್ತದೆ.

ನಾವು ಸಜ್ಜಾದ ಮೇಲೆ ಹೆಂಚಿನ ಇಳಿಮಾಡು ಕೊಟ್ಟೆವು; ಲಿಂಟಲಿನ ಹೊರಮೈಗೆ ನಿರೋಧಕದ ಪಟ್ಟಿ ಹೊದಿಸಿ ಗಾರೆ ಮಾಡಿಸಿದೆವು; ಗೋಡೆಯ ಮೇಲುಭಾಗದಲ್ಲಿ ಗಾಳಿಕಂಡಿ ಬಿಡಿಸಿದೆವು. ಪಟ್ಟಿ ತೆಳುವಾಯಿತು, ಮಾಯವಾಗಲಿಲ್ಲ. ಒಮ್ಮೆ ಎರಕವಾದ ಕಾಂಕ್ರೀಟನ್ನು ಬೇರೆ ಮಾಡುವ ವಿದ್ಯೆ ಯಾರಲ್ಲೂ ಇಲ್ಲ. ಕಟ್ಟುವ ಮುನ್ನ ಪೆನ್ಸಿಲಿನಿಂದ ಬಗೆಹರಿಯುತ್ತಿದ್ದ ಕೆಲಸಕ್ಕೆ ಮೂರು ಬೇಸಿಗೆ ಮತ್ತು ಒಂದು ವರ್ಷದ ಅಡಿಕೆಯ ಒಂದು ಪಾಲು ಖರ್ಚಾಯಿತು.

ಹಾಗೆಂದು ಹಳೆಯ ಮನೆಯನ್ನು ನಾನು ಹಾಡಿಹೊಗಳುವುದಿಲ್ಲ. ಅದರಲ್ಲಿ ಹೊಗೆಯಿತ್ತು, ಕತ್ತಲೆಯಿತ್ತು, ಗೆದ್ದಲಿತ್ತು. ಅದಕ್ಕೆ ಬೇಕಾದಷ್ಟು ಮರವನ್ನು ಇಂದಿನ ಕಾಡಿನಿಂದ ಕೇಳುವ ಹಕ್ಕೂ ನಮಗಿಲ್ಲ. ಆದರೂ ಆ ಮನೆಯಿಂದ ಕಲಿಯುವುದಿದೆ. ಮಣ್ಣಿನ ಗೋಡೆಯ ಮೇಲೆ ಮರದ ತೊಲೆ, ಅದರ ಮೇಲೆ ಹಲಗೆ ಮತ್ತು ಮಣ್ಣಿನ ಮುಚ್ಚಿಗೆ, ಎಲ್ಲಕ್ಕೂ ಮೇಲೆ ತನ್ನದೇ ಪಕಾಸಿಗಳ ಮೇಲೆ ನಿಂತ ಹೆಂಚು. ಒಳಗಿನಿಂದ ಹೊರಗಿನವರೆಗೆ ಒಂದೇ ತುಂಡಾಗಿ ಸಾಗುವ ಕಲ್ಲೋ ಕಬ್ಬಿಣವೋ ಮಾಡಿನಲ್ಲಿ ಎಲ್ಲಿಯೂ ಇರಲಿಲ್ಲ. ಗೋಡೆಯನ್ನು ನೆನೆಯಲು ಬಿಡದ ಅಗಲವಾದ ಸೂರು ಇತ್ತು.

ಪೆನ್ಸಿಲು ಎತ್ತದೆ ಎಳೆಯುವ ಗೆರೆ

ನಕ್ಷೆಯಲ್ಲಿ ಉಷ್ಣಸೇತುವೆಯನ್ನು ಹುಡುಕುವ ವಿಧಾನ ಬಹಳ ಸುಲಭ. ಕಟ್ಟಡದ ಅಡ್ಡಕೊಯ್ತದ ಚಿತ್ರವನ್ನು ಮುಂದಿಟ್ಟುಕೊಳ್ಳಿ. ಕೆಂಪು ಪೆನ್ಸಿಲಿನಿಂದ ಶಾಖ ತಡೆಯುವ ಪದರವನ್ನು ಹಿಂಬಾಲಿಸಿ: ತಳಪಾಯದಿಂದ ಗೋಡೆ, ಕಿಟಕಿಯ ಚೌಕಟ್ಟು, ತಾರಸಿ, ಮತ್ತೆ ಗೋಡೆ, ಮತ್ತೆ ತಳ. ಎಳೆ ಸುತ್ತಿನ ರಂಗೋಲಿಯನ್ನು ನಮ್ಮ ಹೆಣ್ಣುಮಕ್ಕಳು ಕೈಯೆತ್ತದೆ ಬಿಡಿಸುವಂತೆ ಈ ಗೆರೆಯೂ ಎಲ್ಲಿಯೂ ಕಡಿಯದೆ ಸುತ್ತಿ ಬರಬೇಕು. ಪೆನ್ಸಿಲು ಎತ್ತಬೇಕಾಗಿ ಬಂದ ಜಾಗವೇ ಸೇತುವೆ.

ನಮ್ಮ ವಿದ್ಯಾರ್ಥಿನಿಲಯದ ನಕ್ಷೆಯಲ್ಲಿ ನಾನು ಹಾಗೆ ಎಳೆದು ನೋಡಿದೆ. ನಾಲ್ಕು ಕಡೆ ಪೆನ್ಸಿಲು ಎತ್ತಬೇಕಾಯಿತು.

ಒಂದು, ಉತ್ತರಕ್ಕೆ ಕೋಣೆಗಳ ಉದ್ದಕ್ಕೂ ಇರುವ ಮೇಲಂತಸ್ತಿನ ನಡೆಮೊಗಸಾಲೆ. ಅದು ಒಳತಾರಸಿಯದೇ ಮುಂದುವರಿಕೆ. ಅದನ್ನು ಬೇರೆ ಕಂಬಗಳ ಮೇಲೆ ನಿಲ್ಲಿಸೋಣ. ಅಖಂಡ ಚಾಚು ತಾರಸಿಯ ಬುಡದಲ್ಲಿ ತಾವೇ ಥರ್ಮೋಕೋಲ್ ತುಂಬುವ ಸಾಹಸವನ್ನು ಯಾರೂ ಮಾಡಬಾರದು. ಚಾಚಿದ ಹಲಗೆ ನಿಂತಿರುವುದೇ ಆ ಬುಡದ ಬಲದಿಂದ. ಅದನ್ನು ಕೆಡಿಸಿದರೆ ಅದು ಮಕ್ಕಳ ತಲೆಯ ಮೇಲೆ ಬಿದ್ದೀತು. ಬಲದ ಲೆಕ್ಕವನ್ನು ಎಂಜಿನಿಯರರೇ ಮಾಡಬೇಕು.

ಎರಡು, ಕಿಟಕಿಗಳ ಸಜ್ಜಾ. ಕಾಂಕ್ರೀಟಿನ ಬದಲು ಮರದ ಇಲ್ಲವೇ ಕಬ್ಬಿಣದ ಕೈಗಳ ಮೇಲೆ ಹೆಂಚಿನ ಇಳಿಮಾಡು ಕೊಟ್ಟರೆ ಸಾಕು. ಗೋಡೆಗೆ ತಾಗುವುದು ಕೆಲವು ಬಿಂದುಗಳಲ್ಲಿ ಮಾತ್ರ, ಮಳೆಯಿಂದ ರಕ್ಷಣೆಯೂ ಹೆಚ್ಚು.

ಮೂರು, ಹೊರಗೋಡೆಯ ಮುಖಕ್ಕೇ ಬಂದು ನಿಂತ ಕಂಬ ಬೀಮುಗಳು. ಕಂಬಗಳನ್ನು ಸ್ವಲ್ಪ ಒಳಕ್ಕೆ ಸರಿಸಿ, ಅವುಗಳ ಹೊರಮೈಗೆ ನಿರೋಧಕವೊಂದನ್ನು ಕೊಟ್ಟು ಇಟ್ಟಿಗೆಯ ಹೊದಿಕೆ ಕಟ್ಟಬಹುದು. ಭತ್ತದ ಹೊಟ್ಟು, ಅಡಿಕೆ ಸಿಪ್ಪೆಗಳನ್ನು ಬಳಸಬಾರದೇ ಎಂದು ಕೆಲವರು ಕೇಳಿದ್ದೀರಿ. ಲಡಾಖಿನ ಒಣಹವೆಯಲ್ಲಿ ನಡೆಯುವುದು ನಮ್ಮ ತೇವಕ್ಕೆ ಹೊಂದದು. ಹೊಟ್ಟು ಒದ್ದೆಯಾದರೆ ಶಾಖ ತಡೆಯುವ ಗುಣವನ್ನೂ ಕಳೆದುಕೊಳ್ಳುತ್ತದೆ, ಗೆದ್ದಲಿಗೂ ಊಟವಾಗುತ್ತದೆ.

ನಾಲ್ಕು, ತಾರಸಿ ಮತ್ತು ಪ್ಯಾರಾಪೆಟ್ಟು. 2018ರಲ್ಲಿ ಕೇಂದ್ರ ಸರಕಾರ ಹೊರತಂದ 'ಇಕೋ ನಿವಾಸ ಸಂಹಿತಾ' ವಸತಿ ಕಟ್ಟಡಗಳ ಮಾಡಿಗೆ, ಡಿಗ್ರಿಗೆ ಚದರ ಮೀಟರಿಗೆ 1.2 ವಾಟಿನ ಮಿತಿಯನ್ನು ಹಾಕಿತು. ಹೊದಿಕೆಯಿಲ್ಲದ ಬರಿಯ ತಾರಸಿ ಸುಮಾರು ಅದರ ಮೂರು ಪಟ್ಟು ಶಾಖವನ್ನು ಬಿಡುತ್ತದೆ. ಮೇಲೆ ನಿರೋಧಕ ಹಾಕಿ, ಪ್ಯಾರಾಪೆಟ್ಟಿನ ಬುಡದಲ್ಲಿ ಅದನ್ನು ನಿಲ್ಲಿಸಿಬಿಟ್ಟರೆ ಅಲ್ಲಿ ಮತ್ತೆ ಸೇತುವೆ. ನನ್ನ ಸಲಹೆ, ಪ್ಯಾರಾಪೆಟ್ಟನ್ನೇ ಬಿಟ್ಟು ಮೇಲೆ ಹೆಂಚಿನ ಮಾಡು ಕೊಡುವುದು. ನಮ್ಮ ಮಳೆಗೆ ಅದೇ ಸರಿ.

ಸೇತುವೆಗಳನ್ನು ಕಡಿದ ಮಾತ್ರಕ್ಕೆ ಎಲ್ಲವೂ ಮುಗಿಯದು. ಒಬ್ಬ ಮನುಷ್ಯ ಒಂದು ರಾತ್ರಿಯ ನಿದ್ದೆಯಲ್ಲಿ ಉಸಿರು ಮತ್ತು ಬೆವರಿನಿಂದ ಸುಮಾರು ಕಾಲು ಲೀಟರು ನೀರನ್ನು ಗಾಳಿಗೆ ಸೇರಿಸುತ್ತಾನೆ. ಕೋಣೆಗೆ ಎಂಟು ಮಕ್ಕಳೆಂದರೆ ಬೆಳಗಾಗುವಷ್ಟರಲ್ಲಿ ಎರಡು ಲೀಟರು. ಆದ್ದರಿಂದ ಗಾಳಿಕಂಡಿಗಳು ಬೇಕೇ ಬೇಕು. ಬಟ್ಟೆ ಒಣಗಿಸಲು ಬಚ್ಚಲೊಲೆಯ ಪಕ್ಕ ಬೇರೆ ಕೋಣೆಯೂ ಬೇಕು.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡುತ್ತೇನೆ. ಬರುವ ಮಳೆಗಾಲದಲ್ಲಿ ನಿಮ್ಮ ಶಾಲೆಯಲ್ಲಿ, ನಿಮ್ಮ ಮನೆಯಲ್ಲಿ, ಸೂರ್ಯೋದಯದ ಹೊತ್ತಿಗೆ, ನಾಲ್ಕು ವಾರಗಳ ಕಾಲ ಗೋಡೆಯ ಮತ್ತು ಬೀಮಿನ ಶಾಖವನ್ನು ಬರೆದಿಡಿ. ಬೂಷ್ಟು ಮೊದಲು ಎಲ್ಲಿ ಮೂಡಿತು, ಯಾವ ದಿನ ಮೂಡಿತು ಎಂಬುದನ್ನು ಗುರುತಿಸಿ. ಹತ್ತು ಮನೆಗಳ ಇಂಥ ಪಟ್ಟಿ ನಮ್ಮ ಕೈಯಲ್ಲಿದ್ದರೆ, ಊರಿನಲ್ಲಿ ಮುಂದೆ ಏಳುವ ಹನ್ನೊಂದನೆಯ ಮನೆ ಅಷ್ಟು ಚೆನ್ನಾಗಿರುತ್ತದೆ.

ಹಿರಿಯರೇ, ವಿದ್ಯಾರ್ಥಿನಿಲಯಕ್ಕೆ ಇನ್ನೂ ಕಬ್ಬಿಣ ಕಟ್ಟಿಲ್ಲ. ತಳಪಾಯದ ಕೆಲಸ ಮಾತ್ರ ನಡೆದಿದೆ. ತಾರಸಿ ಎರಕವಾಗಲು ಎರಡು ತಿಂಗಳಿದೆ. ಆ ಕೋಣೆಗಳಲ್ಲಿ ಮಲಗುವವರು ನಮ್ಮ ಮಕ್ಕಳು, ಇನ್ನೂ ಹುಟ್ಟದ ಮೊಮ್ಮಕ್ಕಳು. ಗೋಡೆಯಲ್ಲಿ ಕಪ್ಪು ಪಟ್ಟಿ ಮೂಡಿದಾಗ ಅವರು ನಮ್ಮನ್ನು ಕೇಳಲು ನಾವಿರಲಿಕ್ಕಿಲ್ಲ. ನಕ್ಷೆ ಈ ಮೇಜಿನ ಮೇಲಿದೆ. ಕೆಂಪು ಪೆನ್ಸಿಲೂ ಇದೆ. ಎಂಜಿನಿಯರರು ಈ ಸಭೆಗೆ ಬಂದಿದ್ದಾರೆ. ಕಾಫಿಯ ನಂತರ ಎಲ್ಲರೂ ಮೇಜಿನ ಸುತ್ತ ಸೇರಿ, ಆ ನಾಲ್ಕು ಜಾಗಗಳನ್ನು ಒಂದೊಂದಾಗಿ ನೋಡಿ, ಇಂದೇ ತೀರ್ಮಾನಿಸೋಣ ಎಂದು ಕೇಳಿಕೊಳ್ಳುತ್ತ ನನ್ನ ಮಾತನ್ನು ಮುಗಿಸುತ್ತೇನೆ.